ಸಹಿಗೊಂದು ದರ, ಕೆಲಸಕ್ಕೊಂದು ದರ: ಊರಿನ ಎಲೆಕ್ಟ್ರಿಕಲ್ ಕಂಟ್ರಾಕ್ಟರ್‌ಗಳ ಲೆಕ್ಕಾಚಾರ

ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಯಾವುದೇ ಎಸ್ಕಾಂ (ವಿದ್ಯುತ್ ಸರಬರಾಜು ನಿಗಮ) ಉಪವಿಭಾಗ ಕಚೇರಿಗೆ ಹೋಗಿ. ಪ್ಲಾಸ್ಟಿಕ್ ಫೈಲ್ ಹಿಡಿದು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ (ಎಇಇ) ಸಾಹೇಬರಿಗಾಗಿ ಕಾಯುತ್ತಿರುವ ನಾಲ್ಕಾರು ಮಂದಿ ಸಿಕ್ಕೇ ಸಿಗುತ್ತಾರೆ. ಅವರು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು. ಆ ಫೈಲಿನೊಳಗಿರುವ ಮನೆಗೆ ವೈರ್ ಎಳೆದವನು ಮಾತ್ರ ಅಲ್ಲಿರುವುದಿಲ್ಲ. ಅವನು ಇನ್ಯಾವುದೋ ಸೈಟಿನಲ್ಲಿ ಗೋಡೆ ಕೊರೆಯುತ್ತಿರುತ್ತಾನೆ. ಬಹಳ ಸಲ ಅವನಿಗೆ ಲೈಸೆನ್ಸೂ ಇಲ್ಲ, ವೈರ್‌ಮನ್ ಪರ್ಮಿಟ್ಟೂ ಇಲ್ಲ. ಕೆಲಸ ಮಾಡುವವನೊಬ್ಬ, ಸಹಿ ಹಾಕುವವನೊಬ್ಬ ಎಂಬ ಈ ಏರ್ಪಾಡನ್ನು ತಿಳಿಯದೆ ಈ ವೃತ್ತಿಯ ಇವತ್ತಿನ ಯಾವ ತಾಪತ್ರಯವೂ ಅರ್ಥವಾಗುವುದಿಲ್ಲ.

ಕಾನೂನಿನಲ್ಲಿ ಗೊಂದಲವೇನಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮ ಹೇಳಿದ್ದನ್ನೇ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿ ಹೇಳಿತು, ಅದರ ಜಾಗಕ್ಕೆ ಬಂದ 2023ರ ನಿಯಮಾವಳಿಯೂ ಮುಂದುವರಿಸಿದೆ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಾಯಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ ಉಳಿದ ಎಲ್ಲ ವೈರಿಂಗ್ ಕೆಲಸವನ್ನೂ ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರನೇ ಮಾಡಬೇಕು. ಅದೂ ಅರ್ಹತಾ ಪ್ರಮಾಣಪತ್ರ ಇರುವ ಮೇಲ್ವಿಚಾರಕನ ನೇರ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವ ವೈರ್‌ಮನ್ ಕೈಯಿಂದಲೇ ಆಗಬೇಕು. ಅಂದರೆ ಒಂದು ಮನೆಯ ವೈರಿಂಗಿಗೆ ಕನಿಷ್ಠ ಮೂರು ಬಗೆಯ ಕಾಗದ ಬೇಕು. ನಮ್ಮಲ್ಲಿ ಇವನ್ನು ಕೊಡುವುದು ಇಂಧನ ಇಲಾಖೆಯ ಅಡಿಯಲ್ಲಿರುವ ವಿದ್ಯುತ್ ಪರಿವೀಕ್ಷಣಾಲಯ. ಮನೆ ವೈರಿಂಗಿನ ಮಟ್ಟದಿಂದ ಹಿಡಿದು ಹೈಟೆನ್ಷನ್ ಲೈನ್ ಎಳೆಯುವ ಕ್ಲಾಸ್ ಒನ್, ಸೂಪರ್ ಗ್ರೇಡ್‌ವರೆಗೆ ಲೈಸೆನ್ಸಿನಲ್ಲಿ ದರ್ಜೆಗಳಿವೆ. ಮೇಲೇರಿದಷ್ಟೂ ವಿದ್ಯಾರ್ಹತೆ, ಸಿಬ್ಬಂದಿ, ವೈರಿನ ಇನ್ಸುಲೇಷನ್ ಅಳೆಯುವ ಮೆಗ್ಗರ್, ಅರ್ಥ್ ಟೆಸ್ಟರ್‌ನಂಥ ಉಪಕರಣಗಳ ಷರತ್ತೂ ಏರುತ್ತದೆ.

ಇಷ್ಟೆಲ್ಲ ಬಿಗಿ ಇದ್ದೂ ಬೀದಿಯಲ್ಲಿ ನಡೆಯುವುದು ಬೇರೆ. ಮನೆ ಕಟ್ಟಿಸುವವರು ಎಲೆಕ್ಟ್ರಿಷಿಯನ್‌ನನ್ನು ಹುಡುಕುವುದು ಮೇಸ್ತ್ರಿಯ ಮೂಲಕ. ಮೇಸ್ತ್ರಿ ತನ್ನ ಹುಡುಗನನ್ನು ತೋರಿಸುತ್ತಾನೆ. ಹುಡುಗ ಚದರಕ್ಕೆ ಇಷ್ಟು, ಇಲ್ಲವೇ ಪಾಯಿಂಟಿಗೆ ಇಷ್ಟು ಎಂದು ಕೂಲಿ ಮಾತಾಡುತ್ತಾನೆ. ಸ್ಲ್ಯಾಬ್ ಹಾಕುವ ಹಿಂದಿನ ದಿನ ಪೈಪ್ ಕೂರಿಸಿ, ಪ್ಲಾಸ್ಟರಿಂಗಿಗೆ ಮುಂಚೆ ಗೋಡೆ ಕೊರೆದು ಬಾಕ್ಸ್ ಹೂತು, ಬಣ್ಣ ಬಳಿಯುವ ಹೊತ್ತಿಗೆ ವೈರ್ ಎಳೆಯುತ್ತಾನೆ. ಲೈಸೆನ್ಸ್ ಇದೆಯೇನಪ್ಪಾ ಎಂದು ಅವನನ್ನು ಕೇಳಿದ ಮಾಲೀಕರು ಎಷ್ಟು ಜನ ಇದ್ದಾರು? ಲೈಸೆನ್ಸಿನ ಮಾತು ಬರುವುದು ಕಾಯಂ ಮೀಟರ್ ಬೇಕಾದಾಗ. ಆಗ ಹುಡುಗನೇ ಹೇಳುತ್ತಾನೆ: ‘ನಮಗೆ ಗೊತ್ತಿರೋ ಕಂಟ್ರಾಕ್ಟರ್ ಇದಾರೆ ಸಾರ್, ಫೈಲ್ ಅವರು ನೋಡ್ಕೋತಾರೆ.’

ಆ ‘ಫೈಲ್ ನೋಡಿಕೊಳ್ಳುವ’ ಕೆಲಸಕ್ಕೇ ಒಂದು ಮಾರುಕಟ್ಟೆ ಇದೆ. ಅರ್ಜಿ, ವೈರಿಂಗ್ ಡಯಾಗ್ರಾಂ, ಕಂಪ್ಲೀಷನ್ ರಿಪೋರ್ಟ್, ಎಸ್ಟಿಮೇಟ್, ಠೇವಣಿ, ಮೀಟರ್, ಕೊನೆಗೆ ಸಂಪರ್ಕದ ಗುರುತಾದ ಆರ್‌ಆರ್ ನಂಬರ್, ಎಲ್ಲ ಸೇರಿ ‘ಮೀಟರ್ ಹಾಕಿಸಿಕೊಡೋಕೆ ಇಷ್ಟು’ ಎಂದು ಒಂದೇ ಮೊತ್ತ ಹೇಳುತ್ತಾರೆ. ಅದರಲ್ಲಿ ಸರ್ಕಾರಿ ಶುಲ್ಕ ಎಷ್ಟು, ಸಹಿಯ ಬೆಲೆ ಎಷ್ಟು, ‘ಇತರೆ’ ಎಷ್ಟು ಎಂಬುದನ್ನು ಮಾಲೀಕ ಕೇಳುವುದಿಲ್ಲ, ಕಂಟ್ರಾಕ್ಟರ್ ಹೇಳುವುದಿಲ್ಲ. ಸಂಪರ್ಕ ಕೊಡಲು ಲಂಚ ಪಡೆದ ಎಂಜಿನಿಯರ್‌ಗಳು ಲೋಕಾಯುಕ್ತದ ಬಲೆಗೆ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುವುದರಿಂದ, ‘ಇತರೆ’ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಫೈಲಿನಲ್ಲಿ ತೂಕದ ಕಾಗದವೆಂದರೆ ಕಂಪ್ಲೀಷನ್ ರಿಪೋರ್ಟ್, ಅಂದರೆ ವೈರಿಂಗ್ ಮುಗಿದಿದೆ, ಅಳೆದು ನೋಡಿದ್ದೇವೆ ಎಂದು ಕಂಟ್ರಾಕ್ಟರ್ ಸಹಿ ಹಾಕಿಕೊಡುವ ವರದಿ. ಮನೆಯ ವೈರಿಂಗಿಗೆ 500 ವೋಲ್ಟ್ ಡಿಸಿ ಒತ್ತಡವನ್ನು ಒಂದು ನಿಮಿಷ ಕೊಟ್ಟು ಅಳೆದಾಗ ಇನ್ಸುಲೇಷನ್ ರೆಸಿಸ್ಟೆನ್ಸ್ (ಕರೆಂಟ್ ಸೋರದಂತೆ ವೈರಿನ ಹೊದಿಕೆ ತಡೆಯುವ ಶಕ್ತಿ) ಕನಿಷ್ಠ 1 ಮೆಗಾಓಮ್ ಬರಬೇಕೆಂಬುದು ನಿಯಮ. ಅರ್ಥಿಂಗ್ ರೆಸಿಸ್ಟೆನ್ಸನ್ನೂ ಅಳೆದು ಬರೆಯಬೇಕು. ಅಳೆಯುವ ಕೆಲಸ ದೊಡ್ಡದಲ್ಲ. ಮೆಗ್ಗರ್ ಜೋಡಿಸಿ, ಸರ್ಕ್ಯೂಟ್ ಒಂದೊಂದಾಗಿ ನೋಡಿದರೆ ಸಾಧಾರಣ ಮನೆಗೆ ಒಂದು ಗಂಟೆ ಸಾಕು. ಆದರೆ ಸೈಟಿಗೆ ಹೋಗದೆಯೇ ಆ ಕಾಲಂ ತುಂಬುವುದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಎಲ್ಲರೂ ಹಾಗೆಯೇ ಎಂದಲ್ಲ. ಪ್ರತಿ ಮನೆಗೂ ಹೋಗಿ ಅಳೆಯುವವರಿದ್ದಾರೆ. ಪೇಟೆ ಅವರಿಗೆ ಅದಕ್ಕೆಂದು ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ, ಅಷ್ಟೇ.

ಹೊಣೆಯ ಲೆಕ್ಕಕ್ಕೆ ಬಂದಾಗ ಸಹಿಯ ತೂಕ ಗೊತ್ತಾಗುತ್ತದೆ. ವಿದ್ಯುತ್ ಅವಘಡವಾದರೆ 2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ಪ್ರಕಾರ ವಿದ್ಯುತ್ ಪರಿವೀಕ್ಷಕರು ತನಿಖೆ ಮಾಡುತ್ತಾರೆ. ಜೀವ ಹೋಗಿದ್ದರೆ ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಅಂದರೆ ಹಿಂದಿನ 304ಎ, ಹಾಕುತ್ತಾರೆ. ಆಗ ಮೊದಲು ಹುಡುಕುವುದು ಕಂಪ್ಲೀಷನ್ ರಿಪೋರ್ಟಿನ ಮೇಲೆ ಯಾರ ಹೆಸರಿದೆ ಎಂದು. ಗೀಸರಿನ ಲೈನಿಗೆ ಅರ್ಥ್ ಜೋಡಿಸದೆ ಬಿಟ್ಟ ಹುಡುಗನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಂಕಿಅಂಶ ಹೇಳುತ್ತದೆ. ಇವೆಲ್ಲ ಮನೆ ವೈರಿಂಗಿನಿಂದ ಆದವಲ್ಲ, ಹೊಲದ ಬೇಲಿ, ಹರಿದು ಬಿದ್ದ ತಂತಿ, ಪಂಪ್‌ಸೆಟ್ ಎಲ್ಲವೂ ಸೇರಿವೆ. ಆದರೂ ಇಂಥ ಅಪಾಯದ ಎದುರು ಒಂದು ಸಹಿಗೆ ಸಿಗುವ ಹಣ ತೀರಾ ಅಗ್ಗ. ಅದನ್ನು ಅಗ್ಗಕ್ಕೆ ಮಾರುತ್ತಿರುವವರೂ ಕಂಟ್ರಾಕ್ಟರ್‌ಗಳೇ. ಪಕ್ಕದವನು ಐನೂರು ಕಮ್ಮಿಗೆ ಹಾಕಿಕೊಟ್ಟರೆ ಗಿರಾಕಿ ಅತ್ತ ಹೋಗುತ್ತಾನೆ.

ಹೀಗೆ ಲೈಸೆನ್ಸಿನ ಬೆಲೆಯೆಲ್ಲ ಮೀಟರಿನ ಬಾಗಿಲಲ್ಲೇ ನಿಂತಿರುವಾಗ ಆ ಬಾಗಿಲು ಮುಚ್ಚಿದರೆ? 2025ರಲ್ಲಿ ಆದದ್ದು ಅದೇ. 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಮೀರತ್‌ನ ಅಕ್ರಮ ಕಟ್ಟಡದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ಕೊಟ್ಟಿತು. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ಸ್ವಾಧೀನ ಪತ್ರ, ನಮ್ಮ ಮಾತಿನಲ್ಲಿ ಸಿಸಿ, ಒಸಿ, ತೋರಿಸಿದ ಮೇಲಷ್ಟೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂಬುದು ಅವುಗಳಲ್ಲೊಂದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇದನ್ನು ಪಾಲಿಸಿ ಎಂದು 2025ರಲ್ಲಿ ಎಸ್ಕಾಂಗಳಿಗೆ ಹೇಳಿತು. ಅಲ್ಲಿಗೆ ಕಾಯಂ ಸಂಪರ್ಕದ ಅರ್ಜಿಗಳು ರಾಶಿ ಬಿದ್ದವು.

ತೀರ್ಪಿನ ಉದ್ದೇಶವನ್ನು ತಪ್ಪೆನ್ನಲಾಗದು. ನಕ್ಷೆಯಲ್ಲಿ ಎರಡು ಮಹಡಿ ತೋರಿಸಿ ಐದು ಎಬ್ಬಿಸುವ ಊರು ನಮ್ಮದು. ಆದರೆ ಬೆಂಗಳೂರಿನಂಥ ನಗರದಲ್ಲೇ ಒಸಿ ಇರುವ ಸ್ವತಂತ್ರ ಮನೆ ಹುಡುಕುವುದು ಕಷ್ಟ. ಇನ್ನು ತಾಲ್ಲೂಕು ಕೇಂದ್ರಗಳಲ್ಲಿ ಆ ಪತ್ರದ ಹೆಸರು ಕೇಳಿದವರೇ ಕಡಿಮೆ. ನಕ್ಷೆ ಉಲ್ಲಂಘಿಸಿದ್ದು ಮಾಲೀಕ, ಕಣ್ಣುಮುಚ್ಚಿ ಕೂತಿದ್ದು ನಗರಾಡಳಿತ. ಏಟು ಬಿದ್ದಿದ್ದು ಮಾತ್ರ ಮೀಟರ್ ಹಾಕಿಸಿಕೊಡುವವನಿಗೂ. ಗೃಹಪ್ರವೇಶ ಮುಗಿಸಿದವರು ಕಟ್ಟಡ ಕಟ್ಟುವಾಗ ಪಡೆದ ಟೆಂಪರರಿ ಸಂಪರ್ಕದಲ್ಲೇ ಸಂಸಾರ ಹೂಡಿದರು. ತಾತ್ಕಾಲಿಕ ಸಂಪರ್ಕದ ದರ ಗೃಹಬಳಕೆಯ ದರಕ್ಕಿಂತ ಬಹಳ ಹೆಚ್ಚು, ಅದಕ್ಕೆ 200 ಯೂನಿಟ್‌ವರೆಗಿನ ಗೃಹಜ್ಯೋತಿಯೂ ಅನ್ವಯಿಸದು. ನಾಲ್ಕು ಮನೆಯ ಬಾಡಿಗೆ ಕಟ್ಟಡವಾದರೆ ನಾಲ್ಕೂ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ ಬೇಕೆಂದು ಬಾಡಿಗೆದಾರರೇ ಪಟ್ಟು ಹಿಡಿಯುವ ಕಾಲವಿದು. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಜಾರಿಯಾದ ಮೇಲೆ ಮೀಟರ್ ಬೇರ್ಪಡಿಸುವ ಕೆಲಸ ಕಂಟ್ರಾಕ್ಟರ್‌ಗಳಿಗೆ ಒಳ್ಳೆಯ ಕಸುಬು ತಂದಿತ್ತು. ಒಸಿ ಕಟ್ಟುನಿಟ್ಟಾದಾಗ ಹೊಸ ಕಟ್ಟಡಗಳಲ್ಲಿ ಅದೂ ನಿಂತಿತು.

ಮನೆಯವರಿಂದ ಮುಂಗಡ ಪಡೆದು ಎಸ್ಟಿಮೇಟ್ ಕಟ್ಟಿದ್ದವರ ಪಾಡು ಹೇಳತೀರದು. ಹಣ ಕಚೇರಿಯಲ್ಲಿ, ಅರ್ಜಿ ತಡೆಯಲ್ಲಿ, ಮಾಲೀಕನ ಫೋನು ದಿನಾ ಬೆಳಿಗ್ಗೆ. ಗುತ್ತಿಗೆದಾರರ ಸಂಘಗಳು ಬೀದಿಗಿಳಿದವು, ಮನವಿ ಕೊಟ್ಟವು. ಕೊನೆಗೆ 2025ರ ಅಕ್ಟೋಬರ್ ಹೊತ್ತಿಗೆ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ (ಕಂಬಗಳ ನಡುವಿನ ಪಾರ್ಕಿಂಗ್ ಜಾಗ) ಮತ್ತು ಮೂರು ಮಹಡಿ ಇರುವ ವಾಸದ ಕಟ್ಟಡಗಳಿಗೆ ಒಸಿಯಿಂದ ವಿನಾಯಿತಿ ಕೊಟ್ಟಿತು. ಮೂವತ್ತು-ನಲವತ್ತರ ಸೈಟಿನವರು ಉಸಿರು ಬಿಟ್ಟರು. ಅದೇ ಸೈಟಿನಲ್ಲಿ ಬಾಡಿಗೆಯಾಸೆಗೆ ಇನ್ನೊಂದು ಮಹಡಿ ಏರಿಸಿದವರು ಮಾತ್ರ ಹೊರಗೇ ಉಳಿದರು. ಬೆಂಗಳೂರಿನ ಹೊರವಲಯದ ಬಡಾವಣೆಗಳನ್ನು ಸುತ್ತಿದವರಿಗೆ ಅಂಥ ಕಟ್ಟಡಗಳು ಎಷ್ಟಿವೆ ಎಂದು ಹೇಳಬೇಕಿಲ್ಲ.

ಇದೇ ಅವಧಿಯಲ್ಲಿ ಮೀಟರೂ ದುಬಾರಿಯಾಯಿತು. ಬೆಸ್ಕಾಂ ವ್ಯಾಪ್ತಿಯಲ್ಲಿ 2025ರ ಫೆಬ್ರುವರಿಯಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯವಾಯಿತು. ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರ್ ಜಾಗಕ್ಕೆ ಸುಮಾರು 5,000 ರೂಪಾಯಿಯದು ಬಂತು, ತ್ರೀ ಫೇಸಿನದು 28,000 ರೂಪಾಯಿ ಮುಟ್ಟಿತು. ಇದು ಗ್ರಾಹಕನ ಖರ್ಚು, ಕಂಟ್ರಾಕ್ಟರ್‌ಗೇನು ಎನ್ನಬಹುದು. ಒಂದೇ ಮೊತ್ತದ ಮಾತಾಡಿ ಮುಂಗಡ ಪಡೆದಿರುವಾಗ ನಡುವೆ ದರ ಏರಿದರೆ ಜಗಳ ಆಗುವುದು ಕಂಟ್ರಾಕ್ಟರ್ ಜೊತೆಗೇ ಹೊರತು ನಿಗಮದ ಜೊತೆಗಲ್ಲ. ನಾಲ್ಕು ಸಿಂಗಲ್ ಫೇಸ್ ಮೀಟರ್‌ಗಳ ಕಟ್ಟಡದಲ್ಲಿ ಈ ವ್ಯತ್ಯಾಸವೇ ಹದಿನೈದು, ಹದಿನಾರು ಸಾವಿರ ಆಗುತ್ತದೆ. ಅನೇಕ ಕಡೆ ಕಂಟ್ರಾಕ್ಟರ್‌ನ ಇಡೀ ಲಾಭಕ್ಕಿಂತ ಅದು ಹೆಚ್ಚು.

ಇನ್ನು ತಾಮ್ರ. ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ 2020ರ ಮಾರ್ಚ್‌ನಲ್ಲಿ ಟನ್ನಿಗೆ 5,000 ಡಾಲರ್‌ಗಿಂತ ಕೆಳಗಿಳಿದಿದ್ದ ತಾಮ್ರ 2024ರ ಮೇ ತಿಂಗಳಲ್ಲಿ 11,000 ಡಾಲರ್ ದಾಟಿತು. ನಡುವೆ ಏರಿಳಿದು 2025ರ ಕೊನೆಯ ತಿಂಗಳುಗಳಲ್ಲಿ ಆ ದಾಖಲೆಯನ್ನೂ ಮುರಿಯಿತು. ಲಂಡನ್ನಿನ ಬೆಲೆ ನಮ್ಮ ಗೋಡೆಯೊಳಗೆ ಹೇಗೆ ಬರುತ್ತದೆಂದು ಕಾಣಲು ಒಂದು ಕಾಯಿಲ್ ಸಾಕು. 2.5 ಚದರ ಮಿಲಿಮೀಟರ್ ವೈರಿನ 90 ಮೀಟರ್ ಕಾಯಿಲ್‌ನಲ್ಲಿ ಹೆಚ್ಚುಕಡಿಮೆ 2 ಕಿಲೋ ತಾಮ್ರವಿರುತ್ತದೆ. ಲೈಟ್ ಪಾಯಿಂಟಿನ 1.5ರಲ್ಲಿ 1.2 ಕಿಲೋ, ಎಸಿಗೆ ಎಳೆಯುವ 4ರಲ್ಲಿ 3.2 ಕಿಲೋ. ಸಾಧಾರಣ ಮನೆಗೆ ಮೊದಲ ಎರಡು ಅಳತೆಯವು ನಾಲ್ಕು ನಾಲ್ಕು, ಕೊನೆಯದು ಎರಡು ಕಾಯಿಲ್ ಎಂದಿಟ್ಟುಕೊಂಡರೆ 19 ಕಿಲೋ ಚಿಲ್ಲರೆ ತಾಮ್ರ ಗೋಡೆ ಸೇರುತ್ತದೆ. 5,000 ಡಾಲರ್ ಇದ್ದಾಗಿನ ವಿನಿಮಯ ದರದಲ್ಲಿ ಕಿಲೋಗೆ ಸುಮಾರು 375 ರೂಪಾಯಿ, 11,000ದಲ್ಲಿ 900 ರೂಪಾಯಿ ಮೇಲೆ. ಬರೀ ಲೋಹದ ಲೆಕ್ಕದಲ್ಲೇ ಮನೆಗೆ ಹತ್ತು ಸಾವಿರ ರೂಪಾಯಿ ವ್ಯತ್ಯಾಸ, ಅದರ ಮೇಲೆ ಶೇ 18 ಜಿಎಸ್‌ಟಿ. ಸ್ಲ್ಯಾಬ್ ಪೈಪ್ ಹಾಕುವ ದಿನ ರೇಟ್ ಮಾತಾಡಿ, ವೈರ್ ಎಳೆಯುವ ಹೊತ್ತಿಗೆ ಆರೇಳು ತಿಂಗಳು ಕಳೆದಿರುವ ಈ ಕೆಲಸದಲ್ಲಿ ಸಾಮಾನು ಸಮೇತ ಗುತ್ತಿಗೆ ಒಪ್ಪಿಕೊಳ್ಳುವುದೆಂದರೆ ಜೂಜು.

ಹಾಗಾಗಿ ಸಣ್ಣ ಕಂಟ್ರಾಕ್ಟರ್ ‘ಬರೀ ಲೇಬರ್, ಮೆಟೀರಿಯಲ್ ನೀವೇ ತಂದುಕೊಡಿ’ ಎನ್ನುತ್ತಾನೆ. ಜಿಎಸ್‌ಟಿಯೂ ಅದನ್ನೇ ಪ್ರೋತ್ಸಾಹಿಸುತ್ತದೆ. ಸಾಮಾನು ಸೇರಿಸಿ ಒಪ್ಪಂದ ಮಾಡಿಕೊಂಡರೆ ಅದು ವರ್ಕ್ಸ್ ಕಾಂಟ್ರಾಕ್ಟ್, ಸಾಮಾನ್ಯವಾಗಿ ಶೇ 18 ತೆರಿಗೆ. ಒಂಟಿ ವಾಸದ ಮನೆಯ ಹೊಸ ಕಾಮಗಾರಿಗೆ ಶುದ್ಧ ಕೂಲಿ ಗುತ್ತಿಗೆಯಾದರೆ ತೆರಿಗೆ ವಿನಾಯಿತಿ. ಸೇವೆ ಕೊಡುವವರು ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಆಗಬೇಕು. ಸಾಮಾನು ಸೇರಿಸಿ ಹತ್ತು ಹನ್ನೆರಡು ಮನೆ ಹಿಡಿದರೆ ಆ ಗೆರೆ ಬಂದೇಬಿಡುತ್ತದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಬೇಕರಿ, ತರಕಾರಿ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದ ಮೇಲೆ ಈ ಭಯ ಎಲೆಕ್ಟ್ರಿಕಲ್ ಅಂಗಡಿ, ಕಂಟ್ರಾಕ್ಟರ್‌ಗಳವರೆಗೂ ಹಬ್ಬಿತು. ‘ಕ್ಯಾಶ್ ಇದ್ರೆ ಕೊಟ್ಬಿಡಿ ಸಾರ್’ ಎಂಬ ಮಾತು ಮತ್ತೆ ಚಾಲ್ತಿಗೆ ಬಂತು.

ಬರೀ ಲೇಬರ್ ಎಂದ ಮಾತ್ರಕ್ಕೆ ಸಾಮಾನಿನ ಲಾಭ ಬಿಟ್ಟರೆಂದಲ್ಲ. ಅದು ಬೇರೆ ದಾರಿಯಿಂದ ಬರುತ್ತದೆ. ಎಲೆಕ್ಟ್ರಿಷಿಯನ್ ಕರೆದೊಯ್ದ ಅಂಗಡಿಯಲ್ಲೇ ಮಾಲೀಕ ಕೊಳ್ಳುತ್ತಾನೆ, ಸಂಜೆ ಅಂಗಡಿಯವನು ಎಲೆಕ್ಟ್ರಿಷಿಯನ್‌ಗೆ ಕಮಿಷನ್ ಲೆಕ್ಕ ಹಾಕುತ್ತಾನೆ. ವೈರ್, ಸ್ವಿಚ್ ಕಂಪನಿಗಳು ಡಬ್ಬಿಯೊಳಗೇ ಕೂಪನ್ ಇಟ್ಟಿರುತ್ತವೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಎಲೆಕ್ಟ್ರಿಷಿಯನ್ ಆ್ಯಪ್‌ಗೆ ಪಾಯಿಂಟ್ ಸೇರುತ್ತದೆ. ಮನೆಗೆ ಯಾವ ವೈರ್ ಒಳ್ಳೆಯದು ಎಂಬ ಸಲಹೆ ಎಲ್ಲಿಂದ ಬರುತ್ತಿದೆ ಎಂದು ಮಾಲೀಕನಿಗೆ ತಿಳಿಯುವುದಿಲ್ಲ. ಹಣ ಉಳಿಸಬೇಕೆಂದಾಗ ಮೊದಲು ಕೈಬಿಡುವುದು ಕಣ್ಣಿಗೆ ಕಾಣದ್ದನ್ನು: ಕರೆಂಟ್ ಸೋರಿದರೆ ಲೈನ್ ಕಡಿದುಹಾಕುವ 30 ಮಿಲಿಆಂಪ್ ಆರ್‌ಸಿಸಿಬಿ, ಅರ್ಥಿಂಗ್ ಗುಂಡಿ, ಎಸಿಯ ಪ್ರತ್ಯೇಕ ಸರ್ಕ್ಯೂಟ್. ಹಾಲ್‌ನ ಫಾಲ್ಸ್ ಸೀಲಿಂಗಿನ ಲೈಟು ಯಾರೂ ಕಡಿಮೆ ಮಾಡುವುದಿಲ್ಲ.

ಮನೆ ಕೆಲಸ ಬಿಟ್ಟು ಲೈನ್ ಕೆಲಸಕ್ಕೆ ಹೋಗುವವರ ಲೋಕವೇ ಬೇರೆ. ಬಡಾವಣೆ, ಕಾರ್ಖಾನೆ, ಅಪಾರ್ಟ್‌ಮೆಂಟಿಗೆ ಕಂಬ, ಟ್ರಾನ್ಸ್‌ಫಾರ್ಮರ್ ಬೇಕಾದಾಗ ಗ್ರಾಹಕರೇ ಸೆಲ್ಫ್ ಎಕ್ಸಿಕ್ಯೂಷನ್‌ನಲ್ಲಿ ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಮಾಡಿಸಿ, ನಿಗಮಕ್ಕೆ ಮೇಲ್ವಿಚಾರಣಾ ಶುಲ್ಕ ಕಟ್ಟಬಹುದು. ಇಲ್ಲಿ ದರ್ಜೆಗೆ ನಿಜವಾದ ಬೆಲೆಯಿದೆ. ಸಹಿ ಹಾಕಿದವನೇ ಕೆಲಸವನ್ನೂ ಮಾಡುತ್ತಾನೆ. ಹಳ್ಳಿಗಳಲ್ಲಿ 2023ರ ಸೆಪ್ಟೆಂಬರ್ ನಂತರ ನೋಂದಾಯಿಸಿದ ಪಂಪ್‌ಸೆಟ್‌ಗಳಿಗೆ ಕಂಬ, ತಂತಿಯ ಖರ್ಚನ್ನು ರೈತರೇ ಹೊರಬೇಕೆಂದು ಸರ್ಕಾರ ತೀರ್ಮಾನಿಸಿದ ಮೇಲೆ ಆ ಕೆಲಸವೂ ಖಾಸಗಿ ಮಾತುಕತೆಗೆ ಬಂದಿದೆ. ರೈತನಿಗೆ ಹೊರೆ, ಕಂಟ್ರಾಕ್ಟರ್‌ಗೆ ಕೆಲಸ, ಆದರೆ ದುಡ್ಡು ಫಸಲಿನ ಮೇಲೆ. ನಿಗಮಗಳ ಟೆಂಡರ್ ಕಡೆ ನೋಡಿದರೆ, ಸಣ್ಣಪುಟ್ಟ ಕೆಲಸಗಳನ್ನೆಲ್ಲ ಒಟ್ಟು ಕಟ್ಟಿ ಪ್ಯಾಕೇಜ್ ಮಾಡುವುದರಿಂದ ದೊಡ್ಡ ಕಂಪನಿಗೆ ಕೆಲಸ ಹೋಗುತ್ತದೆ, ಸ್ಥಳೀಯರು ಅವರ ಕೈಕೆಳಗೆ ಉಪಗುತ್ತಿಗೆಗೆ ನಿಲ್ಲಬೇಕಾಗುತ್ತದೆ ಎಂಬುದು ಸಂಘಗಳ ಹಳೆಯ ದೂರು. ದೂರಿನಲ್ಲಿ ಹುರುಳಿದೆ. ಆದರೆ ಮನೆ ವೈರಿಂಗಿನಲ್ಲಿ ಇದೇ ಕಂಟ್ರಾಕ್ಟರ್‌ಗಳು ತಮ್ಮ ಕೆಳಗಿನ ಹುಡುಗರ ಜೊತೆ ಮಾಡುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ.

ಲೈಸೆನ್ಸ್ ನಿಯಮವನ್ನು ಇನ್ನಷ್ಟು ಬಿಗಿ ಮಾಡಿ ಎಂಬ ಬೇಡಿಕೆಯನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ. ಬಿಗಿ ಮಾಡಿದಷ್ಟೂ ಸಹಿಯ ಬೆಲೆ ಏರುತ್ತದೆ, ಗೋಡೆಯೊಳಗಿನ ಜೋಡಣೆ ಹಾಗೆಯೇ ಇರುತ್ತದೆ. ಬದಲಿಗೆ ವೈರ್ ಎಳೆದವನ ಹೆಸರು, ಪರ್ಮಿಟ್ ಸಂಖ್ಯೆ ಕಂಪ್ಲೀಷನ್ ರಿಪೋರ್ಟಿನಲ್ಲಿ ಬರುವಂತಾಗಲಿ. ಹದಿನೈದು ವರ್ಷ ಕೈಕೆಲಸ ಮಾಡಿದವನಿಗೆ ಐಟಿಐ ಸರ್ಟಿಫಿಕೇಟ್ ಇಲ್ಲದಿದ್ದರೂ ಪ್ರಾಯೋಗಿಕ ಪರೀಕ್ಷೆ ಕೊಟ್ಟು, ಕನ್ನಡದಲ್ಲಿ, ತಾಲ್ಲೂಕು ಮಟ್ಟದಲ್ಲೇ ಪರ್ಮಿಟ್ ಸಿಗುವಂತಾಗಲಿ. ಮೆಗ್ಗರ್ ರೀಡಿಂಗಿನ ಫೋಟೊವನ್ನು ಸ್ಥಳದ ಗುರುತಿನೊಂದಿಗೆ ಅರ್ಜಿಗೆ ಲಗತ್ತಿಸುವುದು ಇವತ್ತಿನ ಮೊಬೈಲಿಗೆ ಏನೂ ಭಾರವಲ್ಲ. ನೂರರಲ್ಲಿ ಐದು ಮನೆಗೆ ಪರಿವೀಕ್ಷಕರು ಹೇಳದೆ ಕೇಳದೆ ಹೋಗಿ ಅಳೆದರೂ ಸಾಕು, ಸೈಟಿಗೆ ಹೋಗಿ ಅಳೆಯುವ ಕಂಟ್ರಾಕ್ಟರ್‌ಗೆ ಒಂದು ಬೆಲೆ ಹುಟ್ಟುತ್ತದೆ. ಸಂಘಗಳು ಸಹಿಗೆ ಕನಿಷ್ಠ ದರ ಕೇಳುವ ಮುನ್ನ ಇದನ್ನು ಒಪ್ಪಿಕೊಳ್ಳಬೇಕು.

ಇದನ್ನು ಈಗಲೇ ಹೇಳಬೇಕಾಗಿರುವುದು ಸೋಲಾರ್‌ನಿಂದಾಗಿ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದೆ. 3 ಕಿಲೋವ್ಯಾಟ್ ಮತ್ತು ಮೇಲಿನ ಘಟಕಕ್ಕೆ 78,000 ರೂಪಾಯಿ ಸಹಾಯಧನ. ಮನೆ ವೈರಿಂಗ್ ಬಲ್ಲ ಕಂಟ್ರಾಕ್ಟರ್‌ಗೆ ಇದಕ್ಕಿಂತ ಸಹಜವಾದ ಮುಂದಿನ ಹೆಜ್ಜೆ ಇನ್ನೊಂದಿಲ್ಲ. ಆದರೆ ಯೋಜನೆಯಲ್ಲಿ ಕೆಲಸ ಮಾಡಲು ವೆಂಡರ್ ಆಗಿ ನೋಂದಣಿ ಬೇಕು, ಬ್ಯಾಂಕ್ ಗ್ಯಾರಂಟಿ ಬೇಕು. ಸಹಾಯಧನ ಘಟಕ ಕೂತ ಮೇಲೆ ಮಾಲೀಕನ ಖಾತೆಗೆ ಬರುವುದರಿಂದ ಅಲ್ಲಿಯವರೆಗೆ ಪ್ಯಾನೆಲ್, ಇನ್ವರ್ಟರಿಗೆ ಕೈಯಿಂದ ಹಣ ಹಾಕುವ ತಾಕತ್ತೂ ಬೇಕು. ಅಷ್ಟು ಬಂಡವಾಳ ಇಲ್ಲದವರು ನಗರದ ವೆಂಡರ್‌ಗೆ ಗಿರಾಕಿ ಹುಡುಕಿಕೊಟ್ಟು, ಕಿಲೋವ್ಯಾಟಿಗೆ ಇಷ್ಟು ಎಂಬ ಕೂಲಿಗೆ ಫಿಟ್ಟಿಂಗ್ ಮಾಡುತ್ತಿದ್ದಾರೆ. ಐದು ವರ್ಷದ ನಿರ್ವಹಣೆಯ ಹೊಣೆ ಕಾಗದದಲ್ಲಿ ವೆಂಡರ್‌ನದು. ತಾರಸಿಯ ಮೇಲೆ ಡಿಸಿ ಕೇಬಲ್ ಜೋಡಿಸಿ, ಅರ್ಥಿಂಗ್ ಕೊಟ್ಟು ಇಳಿದವನ ಹೆಸರು ಈ ಕಾಗದದಲ್ಲೂ ಇಲ್ಲ.